ಕುರುಬನೋ, ಕುರಿಗಾಹಿಯೋ? ಸಗರನಾಡಿನಿಂದ ಒಂದು ಅನುವಾದ ವಿಚಾರ

ಪಾಸ್ಖಕಾಲದ ನಾಲ್ಕನೆಯ ಭಾನುವಾರದಂದು, ವಾಚನಚಕ್ರದ ಮೂರು ವರ್ಷಗಳಲ್ಲಿಯೂ, ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವೇ ನಮ್ಮ ಮುಂದಿರುತ್ತದೆ. ನಗರದ ದೇವಾಲಯಗಳಲ್ಲಿ ಅದನ್ನು ಓದುವಾಗ ಕೇಳುಗರ ನೆನಪಿಗೆ ಬರುವುದು ಗೋಡೆಯ ಮೇಲಿನ ಚಿತ್ರ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಹಾಗಲ್ಲ. ಹೆಗಲಿಗೆ ಕಂಬಳಿ ಹಾಕಿಕೊಂಡು ಹಿಂಡಿನ ಜೊತೆ ನಡೆಯುವ ಮನುಷ್ಯನನ್ನು ಅಲ್ಲಿನವರು ದಾರಿಯಲ್ಲಿ ಕಂಡೇ ಪೂಜೆಗೆ ಬಂದಿರುತ್ತಾರೆ. ಅವನಿಗೆ ಆ ಸೀಮೆಯಲ್ಲಿ ಒಂದು ಹೆಸರಿದೆ: ಕುರುಬ. ಈ ಹೆಸರು ಕನ್ನಡ ಬೈಬಲಿನಲ್ಲಿ ನಿಂತದ್ದೂ ಅನಂತರ ನಮ್ಮ ವಾಚನಗಳಿಂದ ಮರೆಯಾದದ್ದೂ ಪರಿಶೀಲನೆಗೆ ತಕ್ಕ ಸಂಗತಿಗಳು.

ಕನ್ನಡ ಬೈಬಲ್ ಸಗರನಾಡಿನಲ್ಲಿ ಹುಟ್ಟಿದ್ದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಅವರೂ ದುಡಿದ ಸಂಪೂರ್ಣ ಬೈಬಲಿನ ಮುದ್ರಣ 1831ರಲ್ಲಿ ಮುಗಿಯಿತು. ಬಳಿಕ ಬಾಸೆಲ್ ಮಿಷನಿನ ವೈಗ್ಲೆ ಮೊದಲಾದವರು ಅದನ್ನು ಪರಿಷ್ಕರಿಸಿದರು. ಆ ಕಾಲಕ್ಕೆ ಸುರಪುರವು ಬೇಡ ನಾಯಕರ ಸಂಸ್ಥಾನ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಅಡಗಿದ ಮೇಲೆ ಅದು ನಿಜಾಮನ ಪಾಲಾಯಿತು. ಯಾದಗಿರಿಯ ಕಡೆಗೆ ‘ಸತ್ಯವೇದ’ವನ್ನು ತಂದವರಲ್ಲಿ ಮೆಥೊಡಿಸ್ಟ್ ಸಭೆಯವರು ಮುಖ್ಯರು, ಊರಿನವರು ಅವರನ್ನು ಹೋಲ್‌ಸ್ಟನ್ ಆಸ್ಪತ್ರೆಯಿಂದಲೂ ಬಲ್ಲರು. ಆ ಸತ್ಯವೇದದಲ್ಲಿ ಇಪ್ಪತ್ಮೂರನೆಯ ಕೀರ್ತನೆಯ ದೇವರೂ ಕುರುಬ, ಯೊವಾನ್ನರ ಯೇಸುವೂ ಕುರುಬ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಮ್’ (1965) ಇತರ ಸಭೆಗಳೊಡನೆ ಕೂಡಿ ಬೈಬಲನ್ನು ಅನುವಾದಿಸಲು ದಾರಿ ತೆರೆಯಿತು. 1968ರಲ್ಲಿ ಅದಕ್ಕೆ ಮಾರ್ಗಸೂತ್ರಗಳೂ ಬಂದವು. ಕನ್ನಡದಲ್ಲಿ ಇದರ ಫಲವಾಗಿ ದೊರೆತ ಸಾಮಾನ್ಯ ಅನುವಾದದಲ್ಲಿ ‘ಕುರುಬ’ನ ಸ್ಥಾನಕ್ಕೆ ‘ಕುರಿಗಾಹಿ’ ಬಂದನು.

ಈ ಬದಲಾವಣೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವುದು, ಕುರುಬ ಎಂಬುದು ಜಾತಿಯ ಹೆಸರು, ಕುರಿಗಾಹಿ ಕಸುಬಿನ ಹೆಸರು ಎಂದು. ಮೂಲವೂ ಇದಕ್ಕೆ ಒತ್ತಾಸೆಯಾಗಿದೆ. ಹೀಬ್ರೂವಿನ ‘ರೋಏ’ ಒಂದು ಕೃದಂತ. ‘ಮೇಯಿಸುವವನು’ ಎಂಬುದು ಅದರ ನೇರ ಅರ್ಥ. ಹುಟ್ಟಿನಿಂದ ಬರುವ ಗುರುತು ಅದರಲ್ಲಿಲ್ಲ. ಆದಿಕಾಂಡದ 46:34 ಇದಕ್ಕಿಂತ ಗಟ್ಟಿಯಾದ ಕಾರಣವನ್ನು ಒದಗಿಸುತ್ತದೆ. ಕುರಿ ಮೇಯಿಸುವವರೆಲ್ಲರೂ ಈಜಿಪ್ಟಿನವರಿಗೆ ‘ತೊಎವಾ’, ಅಂದರೆ ಹೇಸಿಗೆ ಎಂದು ಅಲ್ಲಿದೆ. ಆ ವಾಕ್ಯದಲ್ಲಿ ‘ಕುರುಬರು’ ಎಂದು ಬರೆದು ಸುರಪುರದ ಸಭೆಯ ಮುಂದೆ ಓದಿದರೆ, ಈಜಿಪ್ಟಿನ ತಿರಸ್ಕಾರವು ನೆರೆಮನೆಯವನ ಮೇಲೆ ಬಂದು ಬೀಳುತ್ತದೆ. ಜೀವಂತ ಸಮುದಾಯವೊಂದರ ಹೆಸರನ್ನು ಅನುವಾದಕನು ಹೀಗೆ ಬಳಸಬಾರದು. ಆದುದರಿಂದ ‘ಕುರಿಗಾಹಿ’ ಸರಿಯೆಂದೇ ನನ್ನ ಅಭಿಪ್ರಾಯ.

ಆದರೂ ಈ ಪದದಿಂದ ಆದ ನಷ್ಟವೊಂದಿದೆ. ಯೊವಾನ್ನ 10:12ರಲ್ಲಿ ಯೇಸು ತಮ್ಮನ್ನು ಎದುರಿಟ್ಟು ತೋರಿಸುವುದು ‘ಮಿಸ್ಥೋತೊಸ್’ ಎಂಬವನಿಗೆ, ಎಂದರೆ ಸಂಬಳಕ್ಕೆ ದುಡಿಯುವ ಆಳಿಗೆ. ಅಲ್ಲಿರುವ ಭೇದವು ಕುರಿ ಕಾಯುವವನಿಗೂ ಕಾಯದವನಿಗೂ ಅಲ್ಲ. ತೋಳ ಬರುವವರೆಗೂ ಆಳು ಕಾಯುತ್ತಲೇ ಇರುತ್ತಾನೆ. ಕುರಿಗಳು ಅವನ ಸ್ವಂತದವಲ್ಲ, ಅಷ್ಟೆ. ನಮ್ಮ ಸೀಮೆಯಲ್ಲಿ ವರ್ಷದ ಸಂಬಳಕ್ಕೆ ಇನ್ನೊಬ್ಬರ ಹಿಂಡು ಮೇಯಿಸುವವರು ಇದ್ದಾರೆ. ಅವರನ್ನೂ ಕುರಿಗಾಹಿ ಎಂದೇ ಕರೆಯುತ್ತೇವೆ. ಪದಶಃ ಅವರು ಕುರಿಗಾಹಿಗಳೇ ಹೌದು. ಕುರುಬ ಎಂದರೆ ಹಾಗಲ್ಲ. ಹಿಂಡು ಅವನ ಮನೆತನದ್ದು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ ಅವುಗಳ ನಡುವೆಯೇ ರಾತ್ರಿ ಕಳೆಯುವವನು. ಮರಿಯೊಂದು ಸತ್ತರೆ ಮನೆಯವರೆಲ್ಲ ಮರುಗುವವರು. ‘ತನ್ನವು’ ಎಂಬ ಭಾವವನ್ನು, ಗ್ರೀಕಿನ ‘ಇದಿಯ’ ಎಂಬ ಪದದ ಅರ್ಥವನ್ನು, ಹಳೆಯ ಪದವು ತಾನಾಗಿಯೇ ಹೊತ್ತಿತ್ತು. ಹೊಸ ಪದಕ್ಕೆ ಅದನ್ನು ಪ್ರಬೋಧನೆಯಲ್ಲಿ ನಾವು ಹೊರಿಸಬೇಕಾಗಿದೆ. ಗುಳೆ ಹೋಗಿ ಕೂಲಿಯಿಂದಲೇ ಬದುಕುವ ಭಕ್ತರ ಮುಂದೆ ಆ ಆಳನ್ನು ಬರಿದೇ ‘ಕೂಲಿಯವನು’ ಎಂದು ಹಳಿಯುವ ಪ್ರಬೋಧಕನು ಎರಡನೆಯ ತಪ್ಪನ್ನೂ ಮಾಡಿದಂತಾಗುತ್ತದೆ.

ಇನ್ನೊಂದು ಕಾರಣವನ್ನು ಬಹಿರಂಗವಾಗಿ ಯಾರೂ ಹೇಳುವುದಿಲ್ಲ: ಪ್ರಭುವಿಗೆ ‘ಕುರುಬ’ ಎಂಬುದು ಕೀಳಾಗಿ ಕೇಳುತ್ತದೆ ಎಂಬುದು. ಇದು ಕುರುಬರಿಗೆ ಅವಮಾನವಾದೀತೆಂಬ ಅಳುಕಲ್ಲ, ಕುರುಬರಿಂದ ನಮಗೆ ಅವಮಾನವಾದೀತೆಂಬ ಅಳುಕು. ಸಂಕ್ರಾಂತಿಯಂದು ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವ ಹರಕೆಯಿತ್ತು. ಈಚೆಗೆ ಜಿಲ್ಲಾಡಳಿತ ಅದನ್ನು ನಿಷೇಧಿಸಿದೆ. ಹರಕೆಯ ವಿಚಾರ ಏನೇ ಇರಲಿ, ದೇವರೂ ಕುರಿ ಕಾಯುವವರೂ ಒಂದೇ ಅಂಗಳದಲ್ಲಿ ನಿಲ್ಲುವುದು ಆ ಜನರಿಗೆ ವಿಚಿತ್ರವಲ್ಲ. ನಾಚಿಕೆ ಯಾರದು?

ಉತ್ತರವು ಎಫೆಸ 4:11ರಲ್ಲಿದೆ. ಅಲ್ಲಿರುವ ಗ್ರೀಕ್ ಪದ ‘ಪೊಯ್ಮೆನಸ್’. ಯೊವಾನ್ನ 10ರ ‘ಪೊಯ್ಮೆನ್’ ಎಂಬುದರದೇ ಬಹುವಚನ ರೂಪ. ಯೇಸುವನ್ನು ಕುರುಬನೆಂದ ಸತ್ಯವೇದವು ಇಲ್ಲಿ ‘ಸಭಾಪಾಲಕರು’ ಎನ್ನುತ್ತದೆ. ಗುರುವು ಕುರುಬನಿಗಿಂತ ಮೇಲಾದನು! ಇದನ್ನು ಪ್ರೊಟೆಸ್ಟಂಟರ ದೋಷವೆಂದು ನಾವು ನಗಲಾಗದು. ಪಾಲನಾ ಸೇವೆ, ಪಾಲನಾ ಕಾರ್ಯ ಎಂಬ ನಮ್ಮ ಮಾತುಗಳಲ್ಲಿಯೂ ಕುರಿಯ ವಾಸನೆ ಉಳಿದಿಲ್ಲ. ‘ಪಾಲಕ’ ಎಂದರೆ ಕಿವಿಗೆ ಮೊದಲು ಕೇಳಿಸುವುದು ಅರಸನೇ. ಯೆಜೆಕಿಯೇಲನ 34ನೆಯ ಅಧ್ಯಾಯವು ತರಾಟೆಗೆ ತೆಗೆದುಕೊಂಡದ್ದು ಇಂಥ ಅರಸರನ್ನೇ: ಹಿಂಡನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡವರನ್ನು.

ಯೊವಾನ್ನ 21ರಲ್ಲಿ ಯೇಸು ಪೇತ್ರನಿಗೆ ಮೂರು ಸಲ ಆಜ್ಞೆ ಕೊಡುತ್ತಾರೆ. ಮೊದಲನೆಯ ಮತ್ತು ಮೂರನೆಯ ಸಲ ‘ಬೊಸ್ಕೆ’, ಮೇವು ಉಣಿಸು. ನಡುವೆ ಒಮ್ಮೆ ‘ಪೊಯ್ಮೈನೆ’, ಹಿಂಡನ್ನು ಕಾಯಿ, ನಡೆಸು. ಆಡಳಿತದ ಅರ್ಥ ಬರಬಲ್ಲ ಕ್ರಿಯಾಪದ ಒಂದೇ ಸಲ ಇದೆ. ಅದರ ಎರಡು ಬದಿಗೂ ಮೇವು. ಮುಂದಿನ ಪರಿಷ್ಕರಣ ನಡೆಯುವಾಗ ಎಫೆಸ 4:11ಕ್ಕೆ ಒಂದು ಅಡಿಟಿಪ್ಪಣಿಯನ್ನಾದರೂ ಕೇಳೋಣ: ‘ಪಾಲಕರು: ಮೂಲದಲ್ಲಿ ಕುರಿ ಮೇಯಿಸುವವರು’ ಎಂದು. ಅಲ್ಲಿಯವರೆಗೆ ಸಗರನಾಡಿನಲ್ಲಿ ಪ್ರಬೋಧನೆ ಮಾಡುವವರು ಪುಸ್ತಕದಲ್ಲಿದ್ದಂತೆ ‘ಕುರಿಗಾಹಿ’ ಎಂದು ಓದಿ, ಬಳಿಕ ಪುಸ್ತಕ ಮುಚ್ಚಿ ‘ಕುರುಬ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಬಹುದು.