ಪುರುಷತ್ವ ಮತ್ತು ತಂದೆತನ

ಪುರುಷತ್ವ ಮತ್ತು ತಂದೆತನದ ಸಂಬಂಧವು ಸಮಾಜಶಾಸ್ತ್ರ ಹಾಗೂ ಲಿಂಗತ್ವ ಅಧ್ಯಯನಗಳ ಒಂದು ವಿಷಯವಾಗಿದೆ. ಗಂಡಸು ಹೇಗಿರಬೇಕು ಎಂಬ ಸಮಾಜದ ಕಲ್ಪನೆಯು, ತಂದೆಯಾಗಿ ಮತ್ತು ಮನೆಯ ಮಕ್ಕಳು, ವೃದ್ಧರು, ರೋಗಿಗಳ ಆರೈಕೆ ಮಾಡುವವನಾಗಿ ಅವನ ಪಾತ್ರವನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗುತ್ತದೆ. ಈ ಲೇಖನವು ಮುಖ್ಯವಾಗಿ ಭಾರತದ ಸ್ಥಿತಿಯನ್ನು ಕುರಿತದ್ದು.

ಪರಿಕಲ್ಪನೆ

ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ರೇವಿನ್ ಕಾನೆಲ್ ಅವರ 'ಮ್ಯಾಸ್ಕ್ಯುಲಿನಿಟೀಸ್' ಗ್ರಂಥವು 1995ರಲ್ಲಿ ಪ್ರಕಟವಾಯಿತು. ಪುರುಷತ್ವವು ಒಂದೇ ಬಗೆಯದಲ್ಲ. ಹಲವು ಬಗೆಗಳಲ್ಲಿ ಒಂದು ಉಳಿದವುಗಳ ಮೇಲೆ ಯಜಮಾನಿಕೆ ಪಡೆಯುತ್ತದೆ ಎಂಬುದು ಅವರ ವಾದ. ದುಡಿದು ತರುವುದು, ಶಿಸ್ತಿನಲ್ಲಿಡುವುದು, ಅಳು ನುಂಗಿಕೊಳ್ಳುವುದು ಇವೇ ಗಂಡಸುತನದ ಗುರುತುಗಳೆಂದು ಬಗೆಯುವ ಸಮಾಜದಲ್ಲಿ ಮಗುವಿಗೆ ಸ್ನಾನ ಮಾಡಿಸುವ, ಉಣಿಸುವ, ಮಲಗಿಸುವ ಕೆಲಸಗಳು ಹೆಂಗಸಿನ ಪಾಲಿಗೆ ಉಳಿಯುತ್ತವೆ.

ಈ ವಿಭಜನೆ ಪ್ರಕೃತಿಸಹಜವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಫಿಲಿಪೀನ್ಸ್‌ನ ಸೆಬು ಪ್ರದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಂದೆಯಾದ ಪುರುಷರಲ್ಲಿ ಟೆಸ್ಟೋಸ್ಟೀರಾನ್ ಹಾರ್ಮೋನಿನ ಪ್ರಮಾಣ ತಗ್ಗಿದ್ದು ಕಂಡುಬಂದಿತು. ದಿನಕ್ಕೆ 3 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಮಗುವಿನ ಆರೈಕೆಯಲ್ಲಿ ತೊಡಗಿದವರಲ್ಲಿ, ಆರೈಕೆಯಲ್ಲಿ ತೊಡಗದ ತಂದೆಯರಿಗಿಂತ ಅದು ಕಡಿಮೆಯಿತ್ತು.

ಭಾಷೆ ಮತ್ತು ಸಂಪ್ರದಾಯ

ಕನ್ನಡದಲ್ಲಿ ಮರುಕವುಳ್ಳ ಮನಸ್ಸನ್ನು 'ಹೆಂಗರುಳು' ಎನ್ನುತ್ತಾರೆ. ವಾತ್ಸಲ್ಯಕ್ಕೆ 'ತಾಯಿಕರುಳು' ಎಂಬ ಮಾತಿದೆ. ಗಂಡಸಿನಲ್ಲಿ ಈ ಗುಣ ಕಂಡರೂ ಅದನ್ನು ಹೆಣ್ಣಿನ ಹೆಸರಿನಿಂದಲೇ ಕರೆಯಬೇಕಾಗುತ್ತದೆ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಚೊಚ್ಚಲ ಹೆರಿಗೆ ಮತ್ತು ಬಾಣಂತನ ತವರುಮನೆಯಲ್ಲಿ ನಡೆಯುವುದು ರೂಢಿ. ತಾಯಿಗೆ ವಿಶ್ರಾಂತಿಯನ್ನೂ ಅನುಭವಿಗಳ ನೆರವನ್ನೂ ಒದಗಿಸುವ ಈ ಪದ್ಧತಿಯಿಂದ ತಂದೆಯು ಮಗುವಿನ ಮೊದಲ ತಿಂಗಳುಗಳಲ್ಲಿ ಬಂದುಹೋಗುವ ಅತಿಥಿಯಾಗುತ್ತಾನೆ. ಎಳೆಗೂಸನ್ನು ಎತ್ತಿಕೊಳ್ಳುವ, ಸಂತೈಸುವ ರೂಢಿ ಅವನಿಗೆ ತಡವಾಗಿ ಬರುತ್ತದೆ.

ಕಾನೂನು

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 6ನೇ ಪ್ರಕರಣವು ತಂದೆಯನ್ನು, 'ಅವನ ನಂತರ' ತಾಯಿಯನ್ನು ಸಹಜ ಪೋಷಕರೆಂದು ಹೆಸರಿಸುತ್ತದೆ. ಅದೇ ಪ್ರಕರಣದಂತೆ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕು. ಹೀಗೆ ಅಧಿಕಾರವು ತಂದೆಗೂ ಆರೈಕೆಯು ತಾಯಿಗೂ ಹಂಚಿಕೆಯಾದವು. ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, 'ನಂತರ' ಎಂದರೆ ತಂದೆಯ ಮರಣಾನಂತರವೆಂದಷ್ಟೇ ಅಲ್ಲ, ಅವನ 'ಗೈರುಹಾಜರಿಯಲ್ಲಿ' ಎಂದೂ ಅರ್ಥೈಸಿತು. ಮಗುವಿನ ಪಾಲನೆಯ ಬಗ್ಗೆ ತಂದೆ ಸಂಪೂರ್ಣ ಉದಾಸೀನನಾಗಿರುವುದನ್ನೂ ನ್ಯಾಯಾಲಯವು ಗೈರುಹಾಜರಿಯೆಂದೇ ಪರಿಗಣಿಸಿತು.

ರಜೆ

ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಎರಡು ಮಕ್ಕಳವರೆಗೆ 15 ದಿನಗಳ ಪಿತೃತ್ವ ರಜೆ ದೊರೆಯುತ್ತದೆ. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತಾದರೂ ತಂದೆಗೆ ರಜೆಯನ್ನು ಸೇರಿಸಲಿಲ್ಲ. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುವಿಹಾರವನ್ನು ಅದು ಕಡ್ಡಾಯಗೊಳಿಸಿತು. ಆದರೆ ದಿನಕ್ಕೆ 4 ಬಾರಿ ಹೋಗಿ ಮಗುವನ್ನು ನೋಡುವ ಅವಕಾಶವನ್ನು ಮಹಿಳೆಗೆ ಮಾತ್ರ ಹೇಳಿತು. ಕೇಂದ್ರದ ಮಹಿಳಾ ನೌಕರರಿಗಿದ್ದ 730 ದಿನಗಳ ಮಕ್ಕಳ ಪಾಲನಾ ರಜೆಯು ಅನಂತರ ಅವಿವಾಹಿತ, ವಿಧುರ ಮತ್ತು ವಿಚ್ಛೇದಿತ ತಂದೆಯರಿಗೂ ವಿಸ್ತರಣೆಯಾಯಿತು. ಪತ್ನಿ ಜೊತೆಗಿರುವ ತಂದೆಗೆ ಅದು ಇಲ್ಲ.

ಸಮಯದ ಹಂಚಿಕೆ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷದವರಲ್ಲಿ ಶೇ. 41ರಷ್ಟು ಮಹಿಳೆಯರು ಮನೆಮಂದಿಯ ಆರೈಕೆಯಲ್ಲಿ ತೊಡಗಿದ್ದರು. ಪುರುಷರಲ್ಲಿ ಈ ಪ್ರಮಾಣ ಶೇ. 21.4. ತೊಡಗಿದ್ದವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 140 ನಿಮಿಷ, ಪುರುಷರು 74 ನಿಮಿಷ ವ್ಯಯಿಸುತ್ತಿದ್ದರು.

ಇತರ ದೇಶದ ಅನುಭವ

ಸ್ವೀಡನ್ 1974ರಲ್ಲಿ ಹೆರಿಗೆ ರಜೆಯ ಬದಲಿಗೆ ತಂದೆತಾಯಿಗಳಿಬ್ಬರಿಗೂ ಸಲ್ಲುವ ಪಾಲಕರ ರಜೆಯನ್ನು ಜಾರಿಗೆ ತಂದಿತು. ಆ ದಶಕದ ಸರ್ಕಾರಿ ಪ್ರಚಾರಚಿತ್ರದಲ್ಲಿ ಲೆನಾರ್ಟ್ ಡಾಲ್‌ಗ್ರೆನ್ ಎಂಬ ಭಾರ ಎತ್ತುವ ಪಟು ಹಸುಗೂಸನ್ನು ಎತ್ತಿಕೊಂಡು ನಿಂತಿದ್ದರು. ಆದರೂ ತಂದೆಯರು ತಮ್ಮ ಪಾಲನ್ನು ಬಹುಮಟ್ಟಿಗೆ ತಾಯಂದಿರಿಗೇ ಬಿಟ್ಟುಕೊಡುತ್ತಿದ್ದರು. ಹೀಗಾಗಿ 1995ರಲ್ಲಿ ಒಂದು ತಿಂಗಳನ್ನು ಪರಸ್ಪರ ವರ್ಗಾಯಿಸಲಾಗದಂತೆ ಕಾಯ್ದಿರಿಸಲಾಯಿತು. ಬಳಸದಿದ್ದರೆ ಅದು ನಷ್ಟ. 2002 ಮತ್ತು 2016ರಲ್ಲಿ ಇನ್ನೊಂದೊಂದು ತಿಂಗಳು ಸೇರಿ, ಒಟ್ಟು 480 ದಿನಗಳಲ್ಲಿ ಇಬ್ಬರಿಗೂ ತಲಾ 90 ದಿನ ಮೀಸಲಾಯಿತು. ತಂದೆಯರು ರಜೆ ಪಡೆಯುವುದು ಅಲ್ಲಿ ಈಗ ಸಾಮಾನ್ಯ ಸಂಗತಿಯಾಗಿದೆ. ಬರಿಯ ಅವಕಾಶವನ್ನು ಹಳೆಯ ರೂಢಿ ನುಂಗಿಹಾಕಬಲ್ಲದು, ತಂದೆಗೆಂದೇ ಮೀಸಲಿಟ್ಟ ಕಾಲವು ರೂಢಿಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಈ ಅನುಭವವನ್ನು ಉದಾಹರಿಸಲಾಗುತ್ತದೆ.