79ನೆಯ ಕಂಬದ ಆಸರೆ: ಅಗ್ನಿಯಿಂದ ಕುಸಿದ ಒಂದು ಉಕ್ಕಿನ ಸೌಧದ ವಿವಾದವನ್ನು ಕುರಿತು

2001ನೆಯ ಇಸವಿ ಸೆಪ್ಟೆಂಬರ್ 11ರ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಏಳನೆಯ ಕಟ್ಟಡ ಕುಸಿದುಬಿದ್ದಿತು. ಅದಕ್ಕೆ ಯಾವ ವಿಮಾನವೂ ಬಡಿದಿರಲಿಲ್ಲ. ಬೆಳಿಗ್ಗೆ ಉತ್ತರ ಗೋಪುರ ಉರುಳಿದಾಗ ಸಿಡಿದ ಅವಶೇಷಗಳು ಅದರ ದಕ್ಷಿಣ ಪಾರ್ಶ್ವವನ್ನು ಜಖಂಗೊಳಿಸಿ ಕೆಲವು ಅಂತಸ್ತುಗಳಿಗೆ ಬೆಂಕಿ ಹಚ್ಚಿದ್ದುವು. ನಗರದ ನೀರಿನ ಕೊಳವೆ ಒಡೆದುಹೋದುದರಿಂದ ಕೆಳಗಿನ ಅಂತಸ್ತುಗಳ ಸ್ಪ್ರಿಂಕ್ಲರುಗಳಲ್ಲಿ ನೀರಿರಲಿಲ್ಲ. ಸುಮಾರು ಏಳು ಗಂಟೆಗಳ ಕಾಲ ಬೆಂಕಿ ಯಾರ ಅಡ್ಡಿಯೂ ಇಲ್ಲದೆ ಉರಿಯಿತು. 1987ರಲ್ಲಿ ಪೂರ್ಣಗೊಂಡ, 47 ಅಂತಸ್ತುಗಳ ಆ ಸೌಧದಲ್ಲಿ ಯಾರೂ ಸಾಯಲಿಲ್ಲವಾದರೂ, ಅವಳಿ ಗೋಪುರಗಳ ಪತನಕ್ಕಿಂತ ಹೆಚ್ಚಿನ ವಾಗ್ವಾದಕ್ಕೆ ಅದರ ಪತನವೇ ಆಸ್ಪದವಾಯಿತೆಂಬುದು ವಿಲಕ್ಷಣವಾದರೂ ಅಕಾರಣವಲ್ಲ. ಏಕೆಂದರೆ ಕೇವಲ ಬೆಂಕಿಯೊಂದೇ ಉಕ್ಕಿನ ಗಗನಚುಂಬಿಯೊಂದನ್ನು ಬುಡಸಹಿತ ಕೆಡವಬಲ್ಲುದೇ ಎಂಬ ಪ್ರಶ್ನೆ ಇಲ್ಲಿ ಮಿಶ್ರಣವಿಲ್ಲದೆ ಎದುರು ನಿಲ್ಲುತ್ತದೆ.

ಪಂಡಿತರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲದ ಸಂಗತಿಗಳನ್ನು ಬೇಗನೆ ಹೇಳಿ ಮುಗಿಸಬಹುದು. ಉಕ್ಕು ಕರಗುವುದಕ್ಕೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು; ಕಚೇರಿಯ ಮೇಜು, ಕಾಗದ, ನೆಲಹಾಸುಗಳು ಉರಿದಾಗ ಒಳಗಣ ಗಾಳಿ 1000 ಡಿಗ್ರಿಯ ಆಸುಪಾಸಿಗೆ ಏರಬಹುದೇ ಹೊರತು ಅಲ್ಲಿಗೆ ಮುಟ್ಟಲಾರದು. ಆದರೆ ಸೌಧ ಬೀಳಲು ಉಕ್ಕು ಕರಗಬೇಕಾಗಿಲ್ಲ. ಯೂರೋಪಿನ ಕಟ್ಟಡ ವಿನ್ಯಾಸ ಸಂಹಿತೆಯ ಕೋಷ್ಟಕದಂತೆ 400 ಡಿಗ್ರಿಯವರೆಗೆ ತನ್ನ ಬಲವನ್ನು ಉಳಿಸಿಕೊಳ್ಳುವ ಉಕ್ಕು, 600 ಡಿಗ್ರಿಯಲ್ಲಿ ಅದರ ಅರ್ಧಕ್ಕೂ ಕಡಿಮೆಯನ್ನು, 700 ಡಿಗ್ರಿಯಲ್ಲಿ ನಾಲ್ಕರಲ್ಲೊಂದು ಪಾಲಿಗೂ ಕಡಿಮೆಯನ್ನು ಹೊಂದಿರುತ್ತದೆ. 1995–96ರಲ್ಲಿ ಇಂಗ್ಲೆಂಡಿನ ಕಾರ್ಡಿಂಗ್ಟನ್ನಿನಲ್ಲಿ, ಹಳೆಯ ವಾಯುನೌಕೆಗಳ ವಿಶಾಲ ತಂಗುದಾಣದೊಳಗೆ ಎಂಟು ಅಂತಸ್ತಿನ ಉಕ್ಕಿನ ಚೌಕಟ್ಟನ್ನೇ ಕಟ್ಟಿ ಬೆಂಕಿಯಿಟ್ಟು ನೋಡಿದಾಗ, ಲೇಪವಿಲ್ಲದ ತೊಲೆಗಳು ವಿಪರೀತವಾಗಿ ಕಾದು ಜೋತುಬಿದ್ದರೂ ಚೌಕಟ್ಟು ಕುಸಿಯಲಿಲ್ಲ; ಕಾಂಕ್ರೀಟು ಹಾಸು ಬಿಗಿದ ಚರ್ಮದಂತೆ ಭಾರವನ್ನು ಸುತ್ತಲಿಗೆ ಹಂಚಿಬಿಟ್ಟಿತು. ಬಿಡಿ ತೊಲೆಯೊಂದನ್ನು ಕುಲುಮೆಯಲ್ಲಿಟ್ಟು ಅದು ಎಷ್ಟು ಗಂಟೆ ತಾಳುವುದೆಂದು ಅಳೆಯುವ ಶತಮಾನದ ಪದ್ಧತಿಯು ಇಡೀ ಚೌಕಟ್ಟಿನ ನಡವಳಿಕೆಯನ್ನು ತಿಳಿಸಲಾರದೆಂಬುದು ಅಂದಿನಿಂದ ಸರ್ವಸಮ್ಮತ.

ಅಂತೆಯೇ, ಹಿಂದೆ ಯಾವ ಉಕ್ಕಿನ ಗೋಪುರವೂ ಬೆಂಕಿಯಿಂದ ಪೂರ್ತಿ ಬಿದ್ದಿಲ್ಲವೆಂಬ ವಾದಕ್ಕೆ ನಾವು ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಫಿಲಡೆಲ್ಫಿಯದ ಒನ್ ಮೆರಿಡಿಯನ್ ಪ್ಲಾಜಾ 1991ರಲ್ಲಿ ಹದಿನೆಂಟು ಗಂಟೆಗಳಿಗೂ ಮಿಕ್ಕು ಉರಿದು ನಿಂತದ್ದು ನಿಜ. ಆದರೆ 2005ರಲ್ಲಿ ಮ್ಯಾಡ್ರಿಡ್ಡಿನ ವಿಂಡ್ಸರ್ ಗೋಪುರದಲ್ಲಿ ಕಾಂಕ್ರೀಟಿನ ಗರ್ಭ ನಿಂತುಕೊಂಡು ಮೇಲಣ ಅಂತಸ್ತುಗಳ ಉಕ್ಕಿನ ಹೊರಕಂಬಗಳು ಉದುರಿದುವು. 2017ರ ಜನವರಿಯಲ್ಲಿ ಟೆಹರಾನಿನ ಪ್ಲಾಸ್ಕೊ ಸೌಧ ಕೆಲವೇ ಗಂಟೆಗಳ ಬೆಂಕಿಗೆ ಸಂಪೂರ್ಣ ನೆಲಸಮವಾಗಿ ಅಗ್ನಿಶಾಮಕ ದಳದ ಹಲವರನ್ನು ಬಲಿ ತೆಗೆದುಕೊಂಡಿತು. ಹಿಂದೆ ಆಗಲಿಲ್ಲವೆಂಬುದು ಮುಂದೆ ಆಗದೆಂಬುದಕ್ಕೆ ಪ್ರಮಾಣವಲ್ಲ.

ಇನ್ನು ಅಧಿಕೃತ ವಿವರಣೆ. 2002ರಲ್ಲಿ ಫೀಮಾ ಎಂಬ ಅಮೆರಿಕದ ತುರ್ತುಪರಿಸ್ಥಿತಿ ನಿರ್ವಹಣಾ ಸಂಸ್ಥೆಯ ವರದಿ ಕಟ್ಟಡದೊಳಗಿನ ಡೀಸಲ್ ಸಂಗ್ರಹದತ್ತ ಕೈತೋರಿಸಿ, ಆ ಊಹೆಯ ಸಂಭಾವ್ಯತೆ ಅಲ್ಪವೆಂದು ತಾನೇ ಒಪ್ಪಿಕೊಂಡಿತು. 2008ರ ನವೆಂಬರಿನಲ್ಲಿ ನಿಸ್ಟ್ ಎಂಬ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಡೀಸಲನ್ನು ಕೈಬಿಟ್ಟು ಬೇರೊಂದು ಕಾರ್ಯಕಾರಣ ಸರಣಿಯನ್ನು ಮಂಡಿಸಿತು. ಅದರಂತೆ ಕಟ್ಟಡದ ಈಶಾನ್ಯ ಭಾಗದಲ್ಲಿ 44 ಮತ್ತು 79ನೆಯ ಕಂಬಗಳ ನಡುವೆ ಹಾಯ್ದಿದ್ದ ಮುಖ್ಯ ತೊಲೆಯೊಂದಕ್ಕೆ ಪೂರ್ವದ ಕಡೆಯಿಂದ ಮಾತ್ರ ಸುಮಾರು 53 ಅಡಿ ಉದ್ದದ ಅಡ್ಡತೊಲೆಗಳು ಬಂದು ಸೇರುತ್ತಿದ್ದುವು. ಎದುರುಗಡೆ ಒತ್ತು ಕೊಡುವ ತೊಲೆಗಳಿರಲಿಲ್ಲ. ಕಾದ ಅಡ್ಡತೊಲೆಗಳು ಉಷ್ಣವ್ಯಾಕೋಚನದಿಂದ ಉದ್ದವಾಗಿ, ಮುಖ್ಯ ತೊಲೆಯನ್ನು 79ನೆಯ ಕಂಬಕ್ಕೆ ಜೋಡಿಸಿದ್ದ ಆಸರೆ ಫಲಕದ ಮೇಲಿಂದ ಪಶ್ಚಿಮಕ್ಕೆ ತಳ್ಳಿದುವು. ಹದಿಮೂರನೆಯ ಅಂತಸ್ತಿನ ಹಾಸು ಬಿದ್ದು, ಕೆಳಗಿನವನ್ನು ಒಂದೊಂದಾಗಿ ಮುರಿದುಕೊಂಡು ಐದನೆಯದಕ್ಕೆ ಬಂದು ತಂಗಿತು. ಒಂಬತ್ತು ಅಂತಸ್ತುಗಳ ಎತ್ತರಕ್ಕೆ ಪಕ್ಕದ ಆಧಾರ ಕಳೆದುಕೊಂಡ 79ನೆಯ ಕಂಬ ಬಳುಕಿ ಮುರಿಯಿತು. ಮಾಳಿಗೆಯ ಮೇಲಿನ ಪೂರ್ವದ ಕೋಣೆ ಒಳಗೆ ಮುಳುಗಿತು. ಒಳಕಂಬಗಳು ಪೂರ್ವದಿಂದ ಪಶ್ಚಿಮಕ್ಕೆ ಸರದಿಯಾಗಿ ಸೋತು, ಕಡೆಗೆ ಹೊರಗಿನ ಆವರಣ ಇಳಿಯಿತು.

ಈ ಸರಣಿಯ ಮೊದಲ ಕೊಂಡಿಯೇ ನಮ್ಮ ವಿಚಾರಕ್ಕೆ ವಿಷಯ. ಆಸರೆ ಫಲಕದ ಅಗಲ 11 ಅಂಗುಲವೆಂದೂ, ಮುಖ್ಯ ತೊಲೆ ಐದೂವರೆ ಅಂಗುಲ ಸರಿದರೆ ಅದರ ನಡುಪಟ್ಟಿ ಫಲಕದ ಅಂಚನ್ನು ದಾಟುವುದೆಂದೂ ನಿಸ್ಟ್ ಮೊದಲು ಬರೆದಿತ್ತು. ಕಾರ್ಖಾನೆಯ ನಕ್ಷೆಗಳನ್ನು ಪಡೆದು ಓದಿದ ವಿಮರ್ಶಕರು ಫಲಕ 12 ಅಂಗುಲವಿದ್ದುದನ್ನು ತೋರಿಸಿದರು. 2012ರಲ್ಲಿ ಸಂಸ್ಥೆ ತಿದ್ದುಪಡಿಯನ್ನು ಪ್ರಕಟಿಸಿ, ಬೇಕಾದ ಸರಿತ 6.25 ಅಂಗುಲವೆಂದು ಮಾರ್ಪಡಿಸಿತು, ನಿರ್ಣಯವನ್ನು ಮಾತ್ರ ಬದಲಿಸಲಿಲ್ಲ. ಮುಕ್ಕಾಲು ಅಂಗುಲದ ಈ ವ್ಯತ್ಯಾಸವನ್ನು ಸಂಸ್ಥೆಯ ಸಮರ್ಥಕರು ಅಚ್ಚಿನ ದೋಷವೆಂಬಂತೆ ತಳ್ಳಿಹಾಕುವುದು ನಮಗೆ ಸರಿಕಾಣದು. ಅದನ್ನು ಸ್ವಲ್ಪ ಲೆಕ್ಕ ಮಾಡಿ ನೋಡುವುದೇ ಯುಕ್ತ.

53 ಅಡಿಯೆಂದರೆ 636 ಅಂಗುಲ. ಉಕ್ಕಿನ ವ್ಯಾಕೋಚನಕ್ಕೆ ಯೂರೋಪಿನ ಸಂಹಿತೆ ಕೊಡುವ ಸೂತ್ರವನ್ನು ಅನ್ವಯಿಸಿದರೆ, ಅಷ್ಟುದ್ದದ ತೊಲೆ 400 ಡಿಗ್ರಿಯಲ್ಲಿ 3.3 ಅಂಗುಲದಷ್ಟೂ 600 ಡಿಗ್ರಿಯಲ್ಲಿ 5.3 ಅಂಗುಲದಷ್ಟೂ ಬೆಳೆಯುತ್ತದೆ. ಐದೂವರೆ ಅಂಗುಲ ಬೆಳೆಯಲು ಸುಮಾರು 615 ಡಿಗ್ರಿ ಸಾಕು, 6.25 ಅಂಗುಲಕ್ಕೆ ಸುಮಾರು 685 ಡಿಗ್ರಿ ಬೇಕು. ಇದು ಬೆಳೆದದ್ದೆಲ್ಲವೂ ಪಶ್ಚಿಮದ ಕಡೆಗೇ ಹೋಯಿತೆಂದು ಒಪ್ಪಿಕೊಂಡಾಗಿನ ಮಾತು. ಪೂರ್ವದ ಹೊರಗೋಡೆಯ ಕಂಬಗಳು ಕಲ್ಲಿನ ಬೆಟ್ಟವಲ್ಲವಾದ್ದರಿಂದ ಅವೂ ಕೊಂಚ ಹೊರಕ್ಕೆ ಬಾಗಿ ವ್ಯಾಕೋಚನದ ಹತ್ತರಲ್ಲೊಂದು ಪಾಲನ್ನು ನುಂಗಿದರೂ, ಬೇಕಾದ ಉಷ್ಣತೆ ಸುಮಾರು 745 ಡಿಗ್ರಿಗೆ ಏರುತ್ತದೆ; ಆಮೇಲೆ ಇನ್ನೂ ಕಾಯಿಸಿ ಪ್ರಯೋಜನವಿಲ್ಲ, ಏಕೆಂದರೆ 750ರಿಂದ 860 ಡಿಗ್ರಿಯವರೆಗೆ ಉಕ್ಕಿನ ಆಂತರಿಕ ರಚನೆಯೇ ಮಾರ್ಪಡುತ್ತಿರುವುದರಿಂದ ಸೂತ್ರದ ಪ್ರಕಾರ ಅದರ ಉದ್ದ ಹೆಚ್ಚುವುದಿಲ್ಲ. ಅಷ್ಟಲ್ಲದೆ, 700 ಡಿಗ್ರಿಯ ತೊಲೆಯಲ್ಲಿ ಬಲದ ಕಾಲುಪಾಲೂ ಉಳಿದಿರುವುದಿಲ್ಲ. ತನ್ನ ಮೇಲಿನ ಹಾಸಿನ ಭಾರಕ್ಕೇ ಜೋತುಬೀಳುತ್ತಲೋ ಪಕ್ಕಕ್ಕೆ ಬಳುಕುತ್ತಲೋ ಇರುವ ತೊಲೆ ಇನ್ನೊಂದನ್ನು ತಳ್ಳುವುದೆಂತು? ಅಡ್ಡತೊಲೆಗಳು ಬಳುಕಿದುವೆಂದು ನಿಸ್ಟ್ ವರದಿಯೇ ಹೇಳುತ್ತದೆ. ಮುಖ್ಯ ತೊಲೆಯ ತುದಿಯಲ್ಲಿ ಮುಕ್ಕಾಲು ಅಂಗುಲ ದಪ್ಪದ ಬಲವರ್ಧಕ ಫಲಕಗಳು ನಕ್ಷೆಯಲ್ಲಿದ್ದು ಗಣನೆಯಲ್ಲಿ ಸೇರಿರಲಿಲ್ಲ. ಅವು ನಡುಪಟ್ಟಿ ನಜ್ಜುಗುಜ್ಜಾಗದಂತೆ ತಡೆಯುವಂಥವು, ಅಂಥ ನಜ್ಜು ಗಣನೆಯಲ್ಲಿ ಕಾಣಲಿಲ್ಲ, ಆದುದರಿಂದ ಬೇಕಿರಲಿಲ್ಲವೆಂಬುದು ಸಂಸ್ಥೆಯ ಸಮಾಧಾನ. ಆದರೆ ಅವು ಕೆಳ ಅಂಚುಪಟ್ಟಿಯನ್ನೂ ಗಟ್ಟಿಗೊಳಿಸುವುದರಿಂದ, ನಡುಪಟ್ಟಿ ಅಂಚನ್ನು ದಾಟಿದ ಮಾತ್ರಕ್ಕೆ ತೊಲೆ ಬೀಳುವುದೆಂಬ ನಿಯಮ ಪ್ರಶ್ನಾರ್ಹವಾಗುತ್ತದೆ. ಈ ಸಮಾಧಾನ ಪ್ರಶ್ನೆಗೆ ಉತ್ತರವಲ್ಲ. ಪ್ರಶ್ನೆಯ ಪಕ್ಕದಲ್ಲಿ ಹಾದುಹೋದಂತಿದೆ.

ಹೀಗಿರುವಲ್ಲಿ ಅಲಾಸ್ಕಾ ವಿಶ್ವವಿದ್ಯಾನಿಲಯದ ಲೀರಾಯ್ ಹಲ್ಸೀ ಅವರು 2020ರ ವರದಿಯಲ್ಲಿ, ಹೊರಗೋಡೆಯ ಮೃದುತ್ವವನ್ನೇ ಮುಂದುಮಾಡಿ, ಈ ತಳ್ಳಾಟ ನಡೆಯಲಾರದೆಂದು ಸಾಧಿಸಿದುದರಲ್ಲಿ ಹುರುಳಿದೆಯೆಂದೇ ನಮ್ಮ ಭಾವನೆ. ಅವರ ಅಧ್ಯಯನಕ್ಕೆ ಧನವೊದಗಿಸಿದವರು ಅಧಿಕೃತ ವಿವರಣೆಯ ವಿರೋಧಿಗಳೆಂಬ ಆಕ್ಷೇಪ ಅಂಕಗಣಿತಕ್ಕೆ ತಗಲುವುದಿಲ್ಲ. ಆದರೆ ಅಲ್ಲಿಂದ ಅವರು ಬೆಂಕಿಯೇ ಕಾರಣವಲ್ಲ, ಎಲ್ಲ ಕಂಬಗಳೂ ಹೆಚ್ಚುಕಡಿಮೆ ಏಕಕಾಲದಲ್ಲಿ ಸೋತುವು ಎಂಬ ನಿರ್ಣಯಕ್ಕೆ ಜಿಗಿಯುವರು. ಈ ಜಿಗಿತವನ್ನು ನಾವು ಅನುಸರಿಸಲಾರೆವು. ಒಂದು ಅಂತಸ್ತಿನ ಒಂದು ಸಂದಿಯಲ್ಲಿ, ಒಂದು ದಿಕ್ಕಿನಲ್ಲಿ, ಕಾಯುವಿಕೆಯ ಹಂತದಲ್ಲಿ ತೊಲೆ ಜಾರಲಿಲ್ಲವೆಂದು ತೋರಿಸಿದರೆ ಸಿದ್ಧವಾಗುವುದು ಅಷ್ಟೇ. ಬೆಂಕಿಯಾದರೋ ಒಂದು ಸಂದಿಯನ್ನು ಮಾತ್ರ ಸುಟ್ಟಿರಲಿಲ್ಲ. ಏಳರಿಂದ ಒಂಬತ್ತು, ಹನ್ನೊಂದರಿಂದ ಹದಿಮೂರು, ಹೀಗೆ ಆರು ಅಂತಸ್ತುಗಳಲ್ಲಿ ಅದು ಅಲೆದಾಡುತ್ತಿತ್ತು.

ಅಲೆದಾಡುತ್ತಿತ್ತೆಂಬುದರ ಮೇಲೆ ಒತ್ತುಕೊಡಬೇಕಾಗಿದೆ. ಒಂದೊಂದು ಎಡೆಯಲ್ಲಿಯೂ ಇಂಧನ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ತೀರಿ ಬೆಂಕಿ ಮುಂದೆ ಸರಿಯುತ್ತಿತ್ತೆಂದು ನಿಸ್ಟ್ ವರದಿಯೇ ಅಂಗೀಕರಿಸುತ್ತದೆ. ಎಂದಮೇಲೆ ಕಟ್ಟಡದ ಒಂದು ಭಾಗ ಕಾಯುತ್ತಿರುವಾಗ ಇನ್ನೊಂದು ಭಾಗ ತಣಿಯುತ್ತಿತ್ತು. ಬಂಡಿಯ ಗಾಲಿಗೆ ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರೆರೆಯುವ ಕಮ್ಮಾರನಿಗೆ, ಹಿಗ್ಗಿದುದಕ್ಕಿಂತ ಕುಗ್ಗಿದ ಕಬ್ಬಿಣದ ಹಿಡಿತವೇ ಬಲವಾದುದೆಂದು ಗೊತ್ತು. ಹಿಗ್ಗಲು ಎಡೆಯಿಲ್ಲದೆ ಒತ್ತಡದಲ್ಲಿ ಬಳುಕಿ ಗಿಡ್ಡವಾದ ತೊಲೆಯು ತಣಿಯುವಾಗ ತನ್ನ ಮೊದಲಿನ ಉದ್ದಕ್ಕಿಂತಲೂ ಕಿರಿದಾಗಿ, ಎರಡೂ ತುದಿಗಳ ಸಂದಿಗಳನ್ನು ಒಳಕ್ಕೆಳೆಯುತ್ತದೆ. ಮತ್ತು ತಣಿದ ಉಕ್ಕಿಗೆ ಅದರ ಬಲ ಬಹುಮಟ್ಟಿಗೆ ಮರಳಿರುವುದರಿಂದ ಈ ಎಳೆತ ದುರ್ಬಲವಲ್ಲ. ಇದು ಬರಿಯ ಊಹೆಯಲ್ಲ: ಕಾರ್ಡಿಂಗ್ಟನ್ನಿನಲ್ಲಿ ತುದಿಫಲಕಗಳು ಬಿರಿದದ್ದು ಬೆಂಕಿ ಆರಿ ತೊಲೆಗಳು ತಣಿಯುತ್ತಿದ್ದಾಗ. ಅಲ್ಲಿ ತೊಲೆಗಳ ಉದ್ದ 9 ಮೀಟರು. ಏಳನೆಯ ಕಟ್ಟಡದಲ್ಲಿ 16 ಮೀಟರು.

ಆದುದರಿಂದ ನಮ್ಮ ಪ್ರತಿಪಾದನೆಯನ್ನು ಹೀಗೆ ಮುಂದಿಡುತ್ತೇವೆ: 79ನೆಯ ಕಂಬದ ಸುತ್ತಲಿನ ಹಾಸನ್ನು ಕೆಡವಿದುದು ಕಾಯುವಿಕೆಯ ತಳ್ಳಾಟಕ್ಕಿಂತ ಹೆಚ್ಚಾಗಿ, ಅದರಿಂದ ಮೊದಲೇ ಬೋಲ್ಟು ಕಳೆದುಕೊಂಡಿದ್ದ ಸಂದಿಗಳ ಮೇಲೆ ತಣಿವಿಕೆ ನಡೆಸಿದ ಎಳೆದಾಟವಾಗಿರಬಹುದು. ಇರಬಹುದೆಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಮೇಲಿನ ಲೆಕ್ಕ ಏಕರೂಪವಾಗಿ ಕಾದ ಬಿಡಿ ತೊಲೆಯದು. ನಿಜವಾದ ತೊಲೆಯ ತಳ ಹೆಚ್ಚು, ತಲೆ ಕಡಿಮೆ ಕಾದಿರುತ್ತದೆ. ಮುಖ್ಯ ತೊಲೆಯೂ ಸ್ವತಃ ಕಾದು ತಿರುಚಿಕೊಂಡಿದ್ದರೆ, ಆರೂಕಾಲು ಅಂಗುಲದ ಪೂರ್ಣ ಸರಿತವಿಲ್ಲದೆಯೂ ಅದು ಬಿದ್ದಿರುವುದು ಅಸಾಧ್ಯವಲ್ಲ. ಹಾಗಿದ್ದಲ್ಲಿ ನಿಸ್ಟಿನ ಮಾರ್ಗವೇ ಉಳಿದುಕೊಳ್ಳುತ್ತದೆ. ಮೊದಲು ಕಳಚಿದ ಸಂದಿ ಹದಿಮೂರನೆಯ ಅಂತಸ್ತಿನದೇ ಎಂಬುದಕ್ಕೂ ನಮ್ಮ ವಾದ ಅಂಟಿಕೊಂಡಿಲ್ಲ. ಕೊಂಡಿ ಯಾವುದೆಂದು ಹೇಳಲಾಗದಿದ್ದರೂ ಸರಪಳಿ ಯಾವುದೆಂದು ಹೇಳಬಹುದೆಂಬಷ್ಟು ಮಾತ್ರ ನಾವು ದೃಢವಾಗಿ ನಿಲ್ಲುತ್ತೇವೆ.

ಮುಕ್ತಪತನದ ಪ್ರಶ್ನೆಯನ್ನು ಇಲ್ಲಿ ಬಿಟ್ಟರೆ ಓದುಗರು ಒಪ್ಪಲಾರರು. ಉತ್ತರದ ಮುಖ 2.25 ಸೆಕೆಂಡುಗಳ ಕಾಲ, ಸುಮಾರು ಎಂಟು ಅಂತಸ್ತುಗಳಷ್ಟು ದೂರ, ಗುರುತ್ವದ ಪೂರ್ಣ ವೇಗೋತ್ಕರ್ಷದಿಂದಲೇ ಇಳಿಯಿತೆಂದು ಡೇವಿಡ್ ಚಾಂಡ್ಲರ್ ಎಂಬ ಭೌತಶಾಸ್ತ್ರದ ಅಧ್ಯಾಪಕರು ಚಲಚ್ಚಿತ್ರದಿಂದ ಅಳೆದು ತೋರಿಸಿದ ಬಳಿಕ, ನಿಸ್ಟ್ ತನ್ನ ಅಂತಿಮ ವರದಿಯಲ್ಲಿ ಅದನ್ನು ಸೇರಿಸಿತು. ಸಾಮಾನ್ಯ ಅಧ್ಯಾಪಕರೊಬ್ಬರು ಸರ್ಕಾರಿ ಸಂಸ್ಥೆಯನ್ನು ತಿದ್ದಿದುದು ಶ್ಲಾಘ್ಯವೇ. ಆದರೆ ಆ ಅಳತೆ ಹೇಳುವುದು ಅಷ್ಟು ಹೊತ್ತು ಹೊರ ಆವರಣಕ್ಕೆ ಕೆಳಗಿನ ಪ್ರತಿರೋಧವಿರಲಿಲ್ಲವೆಂದು; ಪ್ರತಿರೋಧ ಹೇಗೆ ಹೋಯಿತೆಂದಲ್ಲ. ಒಳಚೌಕಟ್ಟು ಮುಂಚೆಯೇ ಕುಸಿದಿದ್ದರೆ, ಹೊರಕಂಬಗಳು ಎಂಟು ಅಂತಸ್ತಿನುದ್ದಕ್ಕೆ ಬಳುಕಿ ಮಡಿಚಿದ ಮೇಲೆ ಅವು ತೋರುವ ಪ್ರತಿರೋಧ ಅತ್ಯಲ್ಪ. ಮಾಳಿಗೆಯ ಪೂರ್ವದ ಕೋಣೆ ಹೊರಮುಖಕ್ಕಿಂತ ಹಲವು ಸೆಕೆಂಡು ಮೊದಲೇ ಮುಳುಗಿತೆಂಬುದು ಎಲ್ಲರೂ ಕಂಡ ಸಂಗತಿ. ಏಕಕಾಲದ ಪತನದ ವಾದಕ್ಕೆ ಅದನ್ನು ಜೀರ್ಣಿಸಿಕೊಳ್ಳುವುದು ಸುಲಭವಲ್ಲ.

ನ್ಯಾಯಾಲಯದಲ್ಲಿಯೂ ಈ ಕೊಂಡಿಯ ಪ್ರಶ್ನೆ ತೀರಲಿಲ್ಲ. ಕಟ್ಟಡದ ಕೆಳಗಿದ್ದ ವಿದ್ಯುತ್ ಉಪಕೇಂದ್ರದ ಒಡೆಯರೂ ಅದರ ವಿಮೆದಾರರೂ ಹೂಡಿದ ದಾವೆಯಲ್ಲಿ ಉಭಯಪಕ್ಷಗಳ ತಜ್ಞರು ಬೆಂಕಿಯೇ ಮೂಲವೆಂದು ಒಪ್ಪಿಯೂ ಪತನದ ಮಾರ್ಗವನ್ನು ಕುರಿತು ಒಮ್ಮತಕ್ಕೆ ಬರಲಿಲ್ಲ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ದಿನದ ಅಸಾಧಾರಣ ಘಟನಾಸಮುಚ್ಚಯದಲ್ಲಿ ವಿನ್ಯಾಸ ಹೇಗಿದ್ದರೂ ಕಟ್ಟಡ ಬೀಳುತ್ತಿತ್ತೆಂಬ ನೆಲೆಯಲ್ಲಿ ದಾವೆಯನ್ನು ತಳ್ಳಿಹಾಕಿತು.

ಇನ್ನುಳಿದಿರುವುದು ಪರೀಕ್ಷೆ. ಕಟ್ಟಡದ ಉಕ್ಕು ತೆರವಾಗಿ ಹೋಯಿತು. ಇಂತಹ ಸಂದಿಯದೆಂದು ಗುರುತಿಸಬಹುದಾದ ತುಂಡು ನಿಸ್ಟಿನ ಕೈಗೆ ಬರಲಿಲ್ಲ. ಸಂದಿಗಳ ಗಣನೆಯ ಮೂಲ ಕಡತಗಳನ್ನು ಸಾರ್ವಜನಿಕ ಸುರಕ್ಷತೆಗೆ ಧಕ್ಕೆಯಾದೀತೆಂಬ ಕಾರಣದಿಂದ 2009ರಲ್ಲಿ ಸಂಸ್ಥೆ ತಡೆಹಿಡಿಯಿತು. ಆ ಕಡತಗಳಿಲ್ಲದೆ ನಮ್ಮ ಲೆಕ್ಕವೂ ಹಲ್ಸೀ ಅವರದೂ ನಿಸ್ಟಿನದೂ ಒಂದನ್ನೊಂದು ಸಂಪೂರ್ಣವಾಗಿ ಸರಿನೋಡಲಾರವು. ಈಚೆಗೆ ಅದೇ ಸಂಸ್ಥೆಯ ಅಗ್ನಿ ಪ್ರಯೋಗಾಲಯದಲ್ಲಿ ಪೂರ್ಣಗಾತ್ರದ ಹಾಸುಗಳಿಗೆ ಬೆಂಕಿಯಿಟ್ಟು ನೋಡಿದ ಪ್ರಯೋಗಗಳು ಬೆಲೆಯುಳ್ಳವೇ; ಆದರೆ ಆ ಹಾಸುಗಳ ಅಳತೆ 9.1 ಮೀಟರಿಗೆ 6.1 ಮೀಟರು. ಒಂದೇ ಪಾರ್ಶ್ವದಿಂದ 16 ಮೀಟರಿನ ತೊಲೆಗಳು ಬಂದು ಕೂಡುವ ಸಂದಿಯೊಂದನ್ನು ಕಟ್ಟಿ, ಕಾಯಿಸಿ, ಪೂರ್ತಿ ತಣಿಯಗೊಟ್ಟು ನೋಡಬೇಕೆಂಬುದೂ, ತಡೆಹಿಡಿದ ಕಡತಗಳನ್ನು ಬಿಡುಗಡೆ ಮಾಡಬೇಕೆಂಬುದೂ ಈ ವಿಷಯದಲ್ಲಿ ದುಡಿಯುತ್ತಿರುವ ಉಭಯಪಕ್ಷದ ವಿದ್ವಾಂಸರೂ ಒಟ್ಟಾಗಿ ಕೇಳಬಹುದಾದ ಬೇಡಿಕೆಗಳು.