ಕರುಳಿನ ಉರಿಯೂತದ ಮಾತ್ರೆಗೆ ಅಲರ್ಜಿ: ಯಾವುದು ನಿಜ, ಯಾವುದು ಸುಳ್ಳು?

‘ಕೊಲೈಟಿಸ್ ಮಾತ್ರೆಯಲ್ಲಿ ಗಂಧಕ ಇದೆ, ಅಲರ್ಜಿ ಆಗುತ್ತೆ, ಇವತ್ತೇ ಬಿಟ್ಟುಬಿಡಿ’ ಎಂಬ ಸಂದೇಶ ನಿಮಗೂ ಬಂದರೆ ನಂಬಬಹುದೇ? ಇದರಲ್ಲಿ ಸ್ವಲ್ಪ ನಿಜವಿದೆ, ಜೊತೆಗೆ ಅಪಾಯಕಾರಿ ತಪ್ಪೂ ಇದೆ. ಬಿಡಿಸಿ ನೋಡೋಣ.

ಮಾತ್ರೆಯಲ್ಲಿ ಏನಿದೆ?

ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡುವ ಹಳೆಯ ಔಷಧ ಸಲ್ಫಾಸಲಜೀನ್. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಇದನ್ನು ಬಳಕೆಗೆ ತಂದರು. ಇದರಲ್ಲಿ ಎರಡು ಭಾಗಗಳಿವೆ: ಒಂದು ಸಲ್ಫಾ ಔಷಧ, ಇನ್ನೊಂದು ಮೆಸಲಮೈನ್. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಇವೆರಡನ್ನು ಬೇರ್ಪಡಿಸುತ್ತವೆ. ಉರಿಯೂತ ತಗ್ಗಿಸುವುದು ಮುಖ್ಯವಾಗಿ ಮೆಸಲಮೈನ್. ಹೆಚ್ಚಿನ ಅಡ್ಡಪರಿಣಾಮಗಳಿಗೆ ಕಾರಣ ಸಲ್ಫಾ ಭಾಗ. ಅದಕ್ಕೇ ಈಗ ಮೆಸಲಮೈನ್ ಒಂದನ್ನೇ ಕೊಡುವುದು ಹೆಚ್ಚು.

ಸಲ್ಫಾ ಎಂದರೆ ಗಂಧಕವೇ?

ಅಲ್ಲ. ಗಂಧಕದ ಅಂಶ ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಸಲ್ಫಾ ಅಲರ್ಜಿ ಆಗುವುದು ಒಂದು ಗುಂಪಿನ ಔಷಧಗಳಿಗೆ. ಹಿಂದೆ ಕೋಟ್ರೈಮಾಕ್ಸಜೋಲ್‌ನಂಥ ಸಲ್ಫಾ ಮಾತ್ರೆ ಅಥವಾ ಆಸ್ಪಿರಿನ್ ಒಗ್ಗದಿದ್ದರೆ, ಚಿಕಿತ್ಸೆ ಶುರುವಾಗುವ ಮೊದಲೇ ಡಾಕ್ಟರಿಗೆ ಹೇಳಿ.

ಕಾಯಿಲೆಯಂತೆಯೇ ಕಾಣುವ ಅಲರ್ಜಿ

ಅಪರೂಪಕ್ಕೆ ಕೆಲವರಿಗೆ ಮೆಸಲಮೈನ್ ಕೂಡ ಒಗ್ಗುವುದಿಲ್ಲ. ಆಗ ಜ್ವರ, ಹೊಟ್ಟೆನೋವು, ರಕ್ತಭೇದಿ ಹೆಚ್ಚುತ್ತವೆ. ಕಾಯಿಲೆಯೇ ಉಲ್ಬಣಿಸಿತೆಂದು ತೋರುತ್ತದೆ. ಹೊಸ ಔಷಧ ಶುರುವಾದ ಮೊದಲ ಕೆಲವು ವಾರಗಳಲ್ಲಿ ಹೀಗಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಮಾತ್ರೆ ಶುರುವಾದ ದಿನಾಂಕವನ್ನೂ ಹೇಳಿ. ಕಾಯಿಲೆ ಹೆಚ್ಚಾಯಿತೆಂದು ನೀವೇ ಡೋಸ್ ಏರಿಸಬೇಡಿ.

ತಡಮಾಡಬಾರದ ಲಕ್ಷಣಗಳು

• ಉಸಿರಾಟಕ್ಕೆ ತೊಂದರೆ, ಮುಖ ಅಥವಾ ತುಟಿ ಊದಿಕೊಳ್ಳುವುದು
• ಜ್ವರದ ಜೊತೆ ಮೈತುಂಬ ದದ್ದು
• ಬಾಯಲ್ಲಿ ಹುಣ್ಣು, ಚರ್ಮ ಗುಳ್ಳೆಯೆದ್ದು ಸುಲಿಯುವುದು
• ಎದೆನೋವು
• ಕಣ್ಣು ಹಳದಿಯಾಗುವುದು

ಇವುಗಳಲ್ಲಿ ಒಂದು ಕಂಡರೂ ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ಸಲ್ಫಾಸಲಜೀನ್‌ನಿಂದ ಆಗುವ ತೀವ್ರ ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ, ವಾರಗಳ ನಂತರವೂ ಬರಬಹುದು. ಆದರೆ ಈ ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ಅಲರ್ಜಿಯಲ್ಲ, ಹೆದರಬೇಡಿ.

ಹಾಗಾದರೆ ಮಾತ್ರೆ ನಿಲ್ಲಿಸಬೇಕೇ?

ಒಗ್ಗಿರುವವರು ಫಾರ್ವರ್ಡ್ ನೋಡಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಒಗ್ಗದವರಿಗೆ ಬೇರೆ ಔಷಧಗಳಿವೆ. ಒಮ್ಮೆ ಅಲರ್ಜಿಯಾದ ಮಾತ್ರೆಯನ್ನು ‘ನೋಡೋಣ’ ಎಂದು ಮನೆಯಲ್ಲಿ ಮತ್ತೆ ನುಂಗಬೇಡಿ. ಅದರ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟು, ಯಾವ ಡಾಕ್ಟರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.